ಗ್ಲಾಸ್ ತುಂಬಿದ ಪೀಸ್ ಒಂದೇ ಗೆರೆಯಲ್ಲಿ ಮುರಿಯುತ್ತಿದೆಯಾ? ಎಳೆಯ ದಿಕ್ಕು ಹುಡುಕುವ ಕೈಪಿಡಿ

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಮಷೀನ್ ನಡೆಸುವವರಿಗೆ ಇದು. ಬರೀ ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್‌ನಲ್ಲಿ ಡಬ್ಬಿ, ಮುಚ್ಚಳ ಹೊಡೆದು ಅಭ್ಯಾಸ ಇದ್ದವರ ಕೈಗೆ ಒಂದು ದಿನ ಗ್ಲಾಸ್ ತುಂಬಿದ ನೈಲಾನ್ ಆರ್ಡರ್ ಬರುತ್ತದೆ. ಪೈಪ್ ಕ್ಲ್ಯಾಂಪು, ಪಂಪಿನ ಭಾಗ, ಸ್ಪ್ರೇಯರ್ ಹ್ಯಾಂಡಲ್ಲು, ಹೀಗೆ ಏನಾದರೂ. ಬಿಗಿ ಬೇಕು, ಬಲ ಬೇಕು, ಅದಕ್ಕೇ ಗ್ಲಾಸ್, ಅಂದರೆ ನೈಲಾನಿನಲ್ಲಿ ಬೆರೆಸಿದ ಗಾಜಿನ ಸಣ್ಣ ಎಳೆಗಳು. ಡೈ (ಅಚ್ಚು) ಕೂರಿಸಿ ಹೊಡೆದರೆ ಪೀಸ್ ನೋಡೋಕೆ ಚೆನ್ನಾಗಿಯೇ ಇರುತ್ತದೆ. ಗಿರಾಕಿ ಬೋಲ್ಟ್ ಬಿಗಿ ಮಾಡಿದ ತಕ್ಷಣ ಬೋಲ್ಟ್ ಕೂರುವ ಕಿವಿ ಟಪ್ ಎಂದು ಬಿಡುತ್ತದೆ. ಅಥವಾ ಡೈಯಿಂದ ಬಂದಾಗ ಸಪಾಟಾಗಿದ್ದ ಪ್ಲೇಟು ಮಾರನೇ ದಿನ ಮೇಜಿನ ಮೇಲಿಟ್ಟರೆ ಓಲಾಡುತ್ತದೆ.

ಆಗ ಎಲ್ಲ ಕಡೆ ಕೇಳುವ ಮಾತು ಒಂದೇ: "ಅಣ್ಣಾರೆ, ಮೆಟೀರಿಯಲ್ಲೇ ಸರಿ ಇಲ್ಲ." ಮುಂದೆ ಹೀಟರ್ ಹತ್ತು ಡಿಗ್ರಿ ಏರುತ್ತದೆ, ಪ್ರೆಷರ್ ಏರುತ್ತದೆ, ಕೊನೆಗೆ 30 ಪರ್ಸೆಂಟ್ ಗ್ಲಾಸ್ ಬದಲು 40 ತರಿಸುತ್ತಾರೆ. ಇದರಲ್ಲಿ ಯಾವುದೂ ಈ ದೋಷಕ್ಕೆ ಮದ್ದಲ್ಲ. ಗ್ಲಾಸ್ ಎಷ್ಟಿದೆ ಎನ್ನುವುದಕ್ಕಿಂತ ಗ್ಲಾಸ್ ಯಾವ ಕಡೆ ಮುಖ ಮಾಡಿ ಮಲಗಿದೆ ಎನ್ನುವುದು ಇಲ್ಲಿ ಮುಖ್ಯ. ಆ ದಿಕ್ಕನ್ನು ತೀರ್ಮಾನಿಸುವುದು ಪ್ಲಾಸ್ಟಿಕ್ ಹರಿದು ಬಂದ ದಾರಿ. ಹರಿದು ಬಂದ ದಾರಿಯನ್ನು ತೀರ್ಮಾನಿಸುವುದು ಗೇಟ್, ಅಂದರೆ ಪ್ಲಾಸ್ಟಿಕ್ ಡೈಯೊಳಗೆ ನುಗ್ಗುವ ಬಾಯಿ, ಇರುವ ಜಾಗ.

ಇದು ಎಳೆಯ ದೋಷವೇ ಅಂತ ಹೇಗೆ ಗೊತ್ತಾಗುತ್ತದೆ

ಮುರಿದ ಹತ್ತು ಹದಿನೈದು ಪೀಸ್ ಸಾಲಾಗಿ ಜೋಡಿಸಿ. ಎಲ್ಲವೂ ಒಂದೇ ಜಾಗದಲ್ಲಿ, ಒಂದೇ ಗೆರೆ ಹಿಡಿದು ಸೀಳಿದ್ದರೆ ಎಳೆಯ ದಿಕ್ಕಿನ ಮೇಲೆ ಅನುಮಾನ ಪಡಿ. ಒಂದೊಂದು ಒಂದೊಂದು ಕಡೆ ಮುರಿದಿದ್ದರೆ ಮೆಟೀರಿಯಲ್ ಮೇಲೆ, ಡ್ರೈಯಿಂಗ್ ಮೇಲೆ, ಗ್ರೈಂಡಿಂಗ್ ಮಾಲಿನ ಮೇಲೆ ಅನುಮಾನ ಪಡಿ. ಸೊಟ್ಟಕ್ಕೂ ಇದೇ ಮಾತು. ಪ್ರತಿ ಪೀಸೂ ಒಂದೇ ರೀತಿ ಬಾಗಿದ್ದರೆ ಅದಕ್ಕೆ ಒಂದು ಕಾರಣ ಇದ್ದೇ ಇದೆ. ಬೇರೆ ಬೇರೆ ರೀತಿ ಬಾಗಿದ್ದರೆ ಸೈಕಲ್ ಟೈಮು ಏರುಪೇರಾಗುತ್ತಿರಬಹುದು, ಬಿಸಿ ಪೀಸನ್ನು ಕ್ರೇಟಿಗೆ ಎಸೆಯುವ ರೀತಿಯೂ ಇರಬಹುದು.

ಎಳೆಯ ಹಿಂದೆ ಹೋಗುವ ಮೊದಲು ಮೂರು ಬೇರೆ ಕಾರಣಗಳನ್ನು ಪಕ್ಕಕ್ಕಿಡಬೇಕು.

ಮೊದಲನೆಯದು ತೇವ. ನೈಲಾನ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಮಾಲು ನೇರ ಹಾಪರ್‌ಗೆ ಹೋದರೆ ಬ್ಯಾರಲ್ ಒಳಗಿನ ಬಿಸಿಗೆ ಆ ತೇವವೇ ನೈಲಾನಿನ ಸರಪಳಿಯನ್ನು ತುಂಡು ಮಾಡುತ್ತದೆ. ಪೀಸಿನ ಮೇಲೆ ಬೆಳ್ಳಿ ಗೀರು ಕಾಣುತ್ತವೆ, ನಾಝಲ್ ಬಾಯಲ್ಲಿ ನೊರೆ ಬರುತ್ತದೆ. ತೇವ 0.2 ಪರ್ಸೆಂಟ್‌ಗಿಂತ ಕೆಳಗಿರಬೇಕು. ಡಿಹ್ಯುಮಿಡಿಫೈಯರ್ ಇರುವ ಡ್ರೈಯರ್‌ನಲ್ಲಿ 80 ಡಿಗ್ರಿಗೆ ನಾಲ್ಕು ತಾಸು ಇಟ್ಟರೆ ಸಾಮಾನ್ಯವಾಗಿ ಸಾಕು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಡೈಯಿಂದ ಆಗ ತಾನೆ ಬಂದ ನೈಲಾನ್ ಪೀಸ್ ಒಣಗಿ ಕಟಕಟ ಅನ್ನುತ್ತದೆ. ಕೆಲವು ದಿನ ಗಾಳಿಯ ತೇವ ಕುಡಿದ ಮೇಲೆ ಅದಕ್ಕೆ ಜಗ್ಗುವ ಗುಣ ಬರುತ್ತದೆ. ಹಾಗಾಗಿ ಬಿಸಿ ಆರಿದ ಕೂಡಲೇ ಸುತ್ತಿಗೆಯಿಂದ ಹೊಡೆದು ನೋಡಿ ತೀರ್ಪು ಕೊಡಬೇಡಿ. ಮಾಲು ಒಣಗಿರಬೇಕು, ಪೀಸು ತೇವ ಕುಡಿದಿರಬೇಕು.

ಎರಡನೆಯದು ಗ್ಲಾಸ್ ನಿಜವಾಗಿ ಇದೆಯೋ ಇಲ್ಲವೋ. ಸುಮಾರು 5 ಗ್ರಾಂ ತುಂಡನ್ನು ತೂಗಿ, 600 ಡಿಗ್ರಿಯ ಮಫಲ್ ಫರ್ನೇಸ್‌ನಲ್ಲಿ ಪೂರ್ತಿ ಸುಟ್ಟು, ಉಳಿದ ಬಿಳಿ ಬೂದಿಯನ್ನು ಮತ್ತೆ ತೂಗಿ. 5 ಗ್ರಾಂಗೆ ಒಂದೂವರೆ ಗ್ರಾಂ ಉಳಿದರೆ 30 ಪರ್ಸೆಂಟ್ ಸರಿ ಇದೆ. ನಿಮ್ಮಲ್ಲಿ ಫರ್ನೇಸ್ ಇಲ್ಲದಿದ್ದರೆ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೇಳಿ ನೋಡಬಹುದು. ಹೊಗೆ ಕೆಟ್ಟದ್ದು, ಅದು ಹೊರಗೆ ಹೋಗಲು ದಾರಿ ಇರುವ ಕಡೆಯೇ ಸುಡಬೇಕು. ಫರ್ನೇಸ್ ಸಿಗದಿದ್ದರೆ ತೂಕ ನೋಡಿಯೇ ಒಂದು ಅಂದಾಜು ಸಿಗುತ್ತದೆ. ಬರೀ ನೈಲಾನ್‌ನ ಸಾಂದ್ರತೆ ಸುಮಾರು 1.14, 30 ಪರ್ಸೆಂಟ್ ಗ್ಲಾಸ್ ಇದ್ದರೆ ಸುಮಾರು 1.36. ಗಾಳಿ ಗುಳ್ಳೆ ಇಲ್ಲದ ತುಂಡನ್ನು ದಾರಕ್ಕೆ ಕಟ್ಟಿ, ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗಿದರೆ ಲೆಕ್ಕ ಸಿಗುತ್ತದೆ.

ಮೂರನೆಯದು ಗ್ರೈಂಡಿಂಗ್ ಮಾಲು. ರನ್ನರ್ (ಗೇಟಿಗೆ ಬರುವ ದಾರಿಯಲ್ಲಿ ಗಟ್ಟಿಯಾಗಿ ಉಳಿದ ಪ್ಲಾಸ್ಟಿಕ್) ಪುಡಿ ಮಾಡಿ ಮತ್ತೆ ಹಾಕಿದಾಗಲೆಲ್ಲ ಎಳೆ ತುಂಡಾಗುತ್ತಾ ಹೋಗುತ್ತದೆ. ಹೊಸ ಮಾಲಿನಲ್ಲೂ ಸ್ಕ್ರೂ ಮತ್ತು ಸಣ್ಣ ಗೇಟ್ ದಾಟುವಷ್ಟರಲ್ಲಿ ಹೆಚ್ಚಿನ ಎಳೆ 0.2ರಿಂದ 0.4 ಮಿಲಿಮೀಟರ್‌ಗೆ ಬಂದು ನಿಂತಿರುತ್ತದೆ. ಬ್ಯಾಕ್ ಪ್ರೆಷರ್ (ಸ್ಕ್ರೂ ಹಿಂದೆ ಸರಿಯುವಾಗ ಅದಕ್ಕೆ ಎದುರಾಗಿ ಇಡುವ ಒತ್ತಡ) ಜಾಸ್ತಿ ಇಟ್ಟರೆ ಇನ್ನೂ ಗಿಡ್ಡ. ಸುಟ್ಟ ಬೂದಿಯನ್ನು ಸೋಪಿನ ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ, ಒಂದು ಹನಿ ಗಾಜಿನ ಮೇಲೆ ಬಿಟ್ಟು ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಉದ್ದ ಕಣ್ಣಿಗೇ ಕಾಣುತ್ತದೆ. ಎಲ್ಲ ಚೂರುಚೂರಾಗಿದ್ದರೆ ಬಲ ಕಡಿಮೆ ಆಗೇ ಆಗುತ್ತದೆ. ಆದರೆ ಆ ದೋಷ ಪೀಸಿನ ಎಲ್ಲ ಕಡೆ ಹರಡಿರುತ್ತದೆ, ಒಂದೇ ಗೆರೆಯಲ್ಲಿ ಬಂದು ಕೂರುವುದಿಲ್ಲ.

ಈ ಮೂರೂ ಸರಿ ಇದ್ದು ಪೀಸ್ ಇನ್ನೂ ಅದೇ ಗೆರೆಯಲ್ಲಿ ಮುರಿಯುತ್ತಿದ್ದರೆ ಮುಂದೆ ಓದಿ.

ಹರಿವಿನಲ್ಲಿ ಎಳೆ ಹೇಗೆ ತಿರುಗುತ್ತದೆ

ಭದ್ರಾ ಕಾಲುವೆಗೆ ನೀರು ಬಿಟ್ಟಾಗ ತೂಬಿನ ಹತ್ತಿರ ನಿಂತು ತೇಲಿ ಬರುವ ಹುಲ್ಲುಕಡ್ಡಿಗಳನ್ನು ನೋಡಿ. ಅಗಲದಿಂದ ಇಕ್ಕಟ್ಟಿಗೆ ನೀರು ನುಗ್ಗುವ ಕಡೆ ಕಡ್ಡಿ ಹರಿವಿನ ಉದ್ದಕ್ಕೆ ನೆಟ್ಟಗಾಗುತ್ತದೆ. ಮುಂದಿನ ತುದಿಯ ನೀರು ಹಿಂದಿನ ತುದಿಯ ನೀರಿಗಿಂತ ಜೋರಾಗಿ ಓಡುತ್ತಿರುತ್ತದೆ, ಹಾಗಾಗಿ ಕಡ್ಡಿಯನ್ನು ಎಳೆದು ನಿಲ್ಲಿಸುತ್ತದೆ. ತೂಬು ದಾಟಿ ನೀರು ಅಗಲಕ್ಕೆ ಹರಡಿಕೊಳ್ಳುವ ಕಡೆ ಅದೇ ಕಡ್ಡಿ ಅಡ್ಡಕ್ಕೆ ತಿರುಗುತ್ತದೆ. ಕಾಲುವೆಯಲ್ಲಿ ಸುಳಿ ಇರುತ್ತದೆ, ಎಲ್ಲ ಕಡ್ಡಿಯೂ ಮಾತು ಕೇಳುವುದಿಲ್ಲ. ಕರಗಿದ ಪ್ಲಾಸ್ಟಿಕ್ ಬಲು ಗಟ್ಟಿ ದ್ರವ, ಅದರಲ್ಲಿ ಸುಳಿ ಏಳುವುದಿಲ್ಲ. ಹಾಗಾಗಿ ಅಲ್ಲಿ ಈ ನಿಯಮ ಕಾಲುವೆಗಿಂತ ಚೊಕ್ಕವಾಗಿ ನಡೆಯುತ್ತದೆ.

ಡೈ ಒಳಗೆ ಇನ್ನೊಂದು ಸಂಗತಿ ಸೇರುತ್ತದೆ, ಅದೇ ಗೋಡೆ. ಗೋಡೆಗೆ ಅಂಟಿದ ಪ್ಲಾಸ್ಟಿಕ್ ನಿಂತೇ ಇರುತ್ತದೆ, ನಡುವಿನದು ಓಡುತ್ತಿರುತ್ತದೆ. ಈ ಎರಡರ ನಡುವೆ ಸಿಕ್ಕ ಎಳೆಯ ಒಂದು ತುದಿ ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಎಳೆ ಉರುಳಲೇಬೇಕು. ಹೀಗೆ ಉರುಳುವ ಕಣದ ಲೆಕ್ಕವನ್ನು 1922ರಲ್ಲಿ ಜೆಫ್ರಿ ಎಂಬ ಇಂಗ್ಲೆಂಡಿನ ಗಣಿತಜ್ಞ ಬರೆದಿಟ್ಟರು. ಮರುವರ್ಷವೇ ಜಿ.ಐ. ಟೇಲರ್ ಗಟ್ಟಿ ದ್ರವದಲ್ಲಿ ಸಣ್ಣ ಲೋಹದ ಕಣಗಳನ್ನು ಬಿಟ್ಟು ಅದನ್ನು ಪರೀಕ್ಷೆ ಮಾಡಿದರು. ಲೆಕ್ಕದ ಸಾರ ಇಷ್ಟು: ಉದ್ದನೆಯ ಕಣ ಉರುಳುವುದನ್ನು ಯಾವತ್ತೂ ನಿಲ್ಲಿಸುವುದಿಲ್ಲ. ಆದರೆ ಒಂದೇ ವೇಗದಲ್ಲಿ ಉರುಳುವುದೂ ಇಲ್ಲ. ಹರಿವಿನ ಉದ್ದಕ್ಕೆ ಮಲಗಿದಾಗ ಬಹಳ ಹೊತ್ತು ಹಾಗೇ ಇರುತ್ತದೆ, ಆಮೇಲೆ ತಟ್ಟನೆ ಮಗುಚುತ್ತದೆ, ಮತ್ತೆ ಮಲಗುತ್ತದೆ.

ನಮ್ಮ ಎಳೆಗೇ ಈ ಲೆಕ್ಕ ಹಾಕೋಣ. ದಪ್ಪ 10 ಮೈಕ್ರಾನ್, ಉದ್ದ ಕಾಲು ಮಿಲಿಮೀಟರ್, ಅಂದರೆ ಉದ್ದ ದಪ್ಪದ 25 ಪಟ್ಟು. ಇಂಥ ಕಣ ಹರಿವಿನ ಸಮತಲದಲ್ಲೇ ಮಗುಚುತ್ತಿದೆ ಎಂದುಕೊಂಡರೆ, ಒಂದು ಸುತ್ತಿನ ಸಮಯದಲ್ಲಿ 100ಕ್ಕೆ 86 ಪಾಲನ್ನು ಅದು ಹರಿವಿನ ದಿಕ್ಕಿನ ಹತ್ತು ಡಿಗ್ರಿ ಒಳಗೇ ಕಳೆಯುತ್ತದೆ. ಎಳೆ ತುದಿ ಚೂಪಾದ ಕಣವಲ್ಲ, ಕತ್ತರಿಸಿದ ಸಿಲಿಂಡರು. ಹಾಗಾಗಿ ನಿಜವಾದ ಅಂಕಿ ಸ್ವಲ್ಪ ಕೆಳಗೆ ಬರುತ್ತದೆ, ಆದರೆ ಚಿತ್ರ ಬದಲಾಗುವುದಿಲ್ಲ. ಯಾವ ಗಳಿಗೆಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾದರೂ ಗೋಡೆಯ ಹತ್ತಿರದ ಬಹುಪಾಲು ಎಳೆಗಳು ಉದ್ದಕ್ಕೆ ಮಲಗಿರುವಾಗಲೇ ಸಿಕ್ಕಿಬೀಳುತ್ತವೆ.

ಇದು ಒಂಟಿ ಎಳೆಯ ಕತೆ. ನಮ್ಮ ಮಾಲಿನಲ್ಲಿ ಎಳೆ ಒಂಟಿಯಾಗಿ ಇರುವುದೇ ಇಲ್ಲ. ತೂಕದಲ್ಲಿ 30 ಪರ್ಸೆಂಟ್ ಎಂದರೆ ಜಾಗದಲ್ಲಿ ಸುಮಾರು 16 ಪರ್ಸೆಂಟ್. ಮೇಲಿನ ಅಳತೆಯ ಎಳೆ ಆದರೆ ಒಂದು ಘನ ಸೆಂಟಿಮೀಟರ್‌ನಲ್ಲಿ ಸುಮಾರು 80 ಲಕ್ಷ ಎಳೆ! ಸಂತೆಯಲ್ಲಿ ಕೂಡ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಒಂದಕ್ಕೊಂದು ತಾಗಿ ದಿಕ್ಕು ಕೆಡಿಸಿಕೊಳ್ಳುತ್ತಲೇ ಇರುತ್ತವೆ. ಈ ತಾಕಲಾಟವನ್ನು ಲೆಕ್ಕಕ್ಕೆ ಸೇರಿಸಿದವರು ಫೋಲ್ಗರ್ ಮತ್ತು ಟಕರ್, 1984ರಲ್ಲಿ. ಡೈ ತುಂಬುವುದನ್ನು ತೋರಿಸುವ ಇವತ್ತಿನ ಕಂಪ್ಯೂಟರ್ ಸಾಫ್ಟ್‌ವೇರ್‌ಗಳ ಎಳೆ ಲೆಕ್ಕಕ್ಕೆ ಬುನಾದಿ ಅದೇ. ಪೂರ್ತಿ ನೆಟ್ಟಗೆ ಯಾವತ್ತೂ ಆಗುವುದಿಲ್ಲ, ಪೂರ್ತಿ ಗೋಜಲೂ ಆಗುವುದಿಲ್ಲ.

ಎಲ್ಲ ಸೇರಿಸಿ ನೋಡಿದರೆ 3 ಮಿಲಿಮೀಟರ್ ಗೋಡೆಯ ಪೀಸಿನ ಒಳಗೆ ಪದರಗಳು ಕಾಣುತ್ತವೆ. ತೀರಾ ಮೇಲೆ ಡೈ ತಾಗಿ ತಟ್ಟನೆ ಹೆಪ್ಪುಗಟ್ಟಿದ ತೆಳು ಚರ್ಮ, ಅದರಲ್ಲಿ ಎಳೆಗಳಿಗೆ ಅಂಥ ಶಿಸ್ತು ಇಲ್ಲ. ಅದರ ಕೆಳಗೆ ದಪ್ಪ ಪದರ, ಅದರಲ್ಲಿ ಎಳೆ ಹರಿವಿನ ಉದ್ದಕ್ಕೆ. ನಟ್ಟನಡುವೆ ತಿರುಳು, ಅಲ್ಲಿ ಎಳೆ ಅಡ್ಡಕ್ಕೆ, ಯಾಕೆಂದರೆ ಗೇಟ್ ದಾಟಿ ಹರಡಿಕೊಂಡಾಗ ಅಡ್ಡ ತಿರುಗಿದ ಎಳೆಗಳನ್ನು ನಡುವಿನಲ್ಲಿ ಮತ್ತೆ ತಿರುಗಿಸುವವರು ಯಾರೂ ಇಲ್ಲ. ತೆಳು ಪೀಸಿನಲ್ಲಿ ಈ ತಿರುಳು ಸಣ್ಣದು, ದಪ್ಪ ಪೀಸಿನಲ್ಲಿ ದೊಡ್ಡದು. "ದಪ್ಪ ಮಾಡಿದರೂ ಬಲ ಯಾಕೆ ಅಷ್ಟು ಏರಲಿಲ್ಲ" ಎನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ನಂಬಿಕೆ ಬರದಿದ್ದರೆ ಒಂದು ದಿನಪತ್ರಿಕೆ ತಗೊಂಡು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು ನೋಡಿ. ಒಂದು ಕಡೆ ನೇರ ಹರಿಯುತ್ತದೆ, ಇನ್ನೊಂದು ಕಡೆ ಅಡ್ಡಾದಿಡ್ಡಿ. ಕಾಗದದ ಮಷೀನಿನಲ್ಲಿ ನೀರಿನ ಜೊತೆ ಹರಿದು ಬಂದ ಮರದ ನಾರು ಓಟದ ದಿಕ್ಕಿಗೇ ಹೆಚ್ಚಾಗಿ ಮಲಗಿರುವುದರಿಂದ ಹೀಗೆ.

ಮುರಿದ ಮುಖ ಓದುವುದು

ಹೊಸದಾಗಿ ಮುರಿದ ಮುಖವೇ ಬೇಕು. ಕೈಯಾಡಿಸಿ, ಜೇಬಲ್ಲಿಟ್ಟು ಎರಡು ದಿನ ಆದ ಮೇಲೆ ಅದು ಏನನ್ನೂ ಹೇಳುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಹತ್ತು ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಹಾಕಿ. ಮುಖದ ತುಂಬ ಬಿಳಿ ಎಳೆ ತುದಿಗಳು ಜುಂಗಿನ ಹಾಗೆ ನಿಂತಿದ್ದರೆ ಎಳೆಗಳು ಬಿರುಕಿಗೆ ಅಡ್ಡ ನಿಂತು, ಎಳೆತ ತಾಳಿ, ಕೊನೆಗೆ ಕಿತ್ತು ಬಂದಿವೆ ಎಂದರ್ಥ. ಅಲ್ಲಿ ಎಳೆ ತನ್ನ ಕೆಲಸ ಮಾಡಿದೆ. ಪೀಸಿನ ಮೇಲೆ ಬಿದ್ದ ಭಾರವೇ ಜಾಸ್ತಿ ಇತ್ತು, ಇಲ್ಲವೇ ಮೂಲೆ ಚೂಪಾಗಿತ್ತು. ಮುಖ ನುಣ್ಣಗೆ, ಮಂಕಾಗಿ, ಚಾಕುವಿನಿಂದ ಸೀಳಿದ ಹಾಗೆ ಇದ್ದರೆ ಎಳೆಗಳು ಬಿರುಕಿನ ಉದ್ದಕ್ಕೇ ಮಲಗಿವೆ. ಬಿರುಕಿಗೆ ಅಡ್ಡ ಬರುವವರೇ ಇರಲಿಲ್ಲ. ಮೊಬೈಲಿಗೆ ಸಿಕ್ಕಿಸುವ 40 ಪಟ್ಟಿನ ಲೆನ್ಸ್ ಇದ್ದರೆ ಮಲಗಿದ ಎಳೆಗಳೂ ಎಳೆ ಕಿತ್ತ ಗುರುತಿನ ಸಣ್ಣ ಕಾಲುವೆಗಳೂ ಕಾಣುತ್ತವೆ.

ಇನ್ನೂ ಗಟ್ಟಿ ಪುರಾವೆ ಬೇಕಾದರೆ ಕತ್ತರಿಸಿ ಪಾಲಿಶ್ ಮಾಡಿ. ಅನುಮಾನ ಇರುವ ಜಾಗವನ್ನು ಹರಿವಿಗೆ ಅಡ್ಡಲಾಗಿ ಹ್ಯಾಕ್ಸಾದಲ್ಲಿ ನಿಧಾನ ಕೊಯ್ದು, ನೀರು ಹಾಕಿ 400, 800, 1200 ನಂಬರ್ ಎಮರಿ ಹಾಳೆಗಳ ಮೇಲೆ ಉಜ್ಜಿ, ಕೊನೆಗೆ ಬಟ್ಟೆಗೆ ಬ್ರಾಸೊ ಹಾಕಿ ತಿಕ್ಕಿ. ನೂರು ಪಟ್ಟಿನ ಮೈಕ್ರೋಸ್ಕೋಪ್ ಸಾಕು. ಎಳೆ ನಿಮ್ಮ ಕಡೆ ಮುಖ ಮಾಡಿ ನಿಂತಿದ್ದರೆ ಕೊಯ್ದ ಮುಖದಲ್ಲಿ ಅದು ದುಂಡು ಚುಕ್ಕೆ. ಓರೆಯಾಗಿದ್ದರೆ ಮೊಟ್ಟೆಯಾಕಾರ. ಪೂರ್ತಿ ಮಲಗಿದ್ದರೆ ಉದ್ದ ಗೀಟು. ಕೋನವನ್ನು ಕೂಡ ಅಳೆಯಬಹುದು. 10 ಮೈಕ್ರಾನ್ ಎಳೆ 20 ಮೈಕ್ರಾನ್ ಉದ್ದದ ಮೊಟ್ಟೆಯಾಗಿ ಕಂಡರೆ, ನೇರ ನಿಂತ ಸ್ಥಿತಿಯಿಂದ 60 ಡಿಗ್ರಿ ವಾಲಿದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಮೈಕ್ರೋಸ್ಕೋಪ್ ಸರಿಸುತ್ತಾ ಹೋದರೆ ಚುಕ್ಕೆಗಳ ಪದರ, ಗೀಟುಗಳ ತಿರುಳು, ಮತ್ತೆ ಚುಕ್ಕೆಗಳ ಪದರ ಒಂದಾದ ಮೇಲೊಂದು ಬರುತ್ತವೆ. ಮೊದಲ ಸಲ ನೋಡಿದವರು ಅರ್ಧ ಗಂಟೆ ಕಣ್ಣು ಕೀಳುವುದಿಲ್ಲ, ಅದಂತೂ ಖರೆ.

ಅರೆ ತುಂಬಿದ ಪೀಸ್ ಹೊಡೆಯಿರಿ

ಮೈಕ್ರೋಸ್ಕೋಪ್ ಇಲ್ಲದವರಿಗೆ ಇದೇ ಬ್ರಹ್ಮಾಸ್ತ್ರ, ದುಡ್ಡೂ ಖರ್ಚಿಲ್ಲ. ಹೋಲ್ಡಿಂಗ್ ಪ್ರೆಷರ್ (ಡೈ ತುಂಬಿದ ಮೇಲೂ ಒತ್ತಿ ಹಿಡಿಯುವ ಒತ್ತಡ) ಸೊನ್ನೆ ಮಾಡಿ. ಶಾಟ್ ಅಳತೆಯನ್ನು, ಅಂದರೆ ಒಂದು ಸಲಕ್ಕೆ ಹೊಡೆಯುವ ಪ್ಲಾಸ್ಟಿಕನ್ನು, ಇಳಿಸಿ ಮೊದಲು ಕಾಲು ಭಾಗ, ಆಮೇಲೆ ಅರ್ಧ, ಮುಕ್ಕಾಲು, ಕೊನೆಗೆ ಒಂದಿಷ್ಟೇ ಬಾಕಿ ಇರುವಂತೆ ಹೊಡೆಯಿರಿ. ಪೀಸು ಡೈಯಲ್ಲಿ ಸಿಕ್ಕಿಕೊಳ್ಳುವ ಹಾಗಿದ್ದರೆ ರಿಲೀಸ್ ಸ್ಪ್ರೇ ಮೊದಲೇ ಹೊಡೆದಿರಿ. ಇವನ್ನು ಕ್ರಮವಾಗಿ ಮೇಜಿನ ಮೇಲೆ ಇಟ್ಟರೆ ಪ್ಲಾಸ್ಟಿಕ್ ಹರಿದು ಬಂದ ದಾರಿ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ.

ಕ್ಲ್ಯಾಂಪಿನ ಕಿವಿಯನ್ನೇ ನೋಡೋಣ. ಕಿವಿಯ ನಡುವೆ ಬೋಲ್ಟ್ ತೂತಿಗೆ ಒಂದು ಪಿನ್. ಹರಿದು ಬಂದ ಪ್ಲಾಸ್ಟಿಕ್ ಪಿನ್‌ಗೆ ತಾಗಿ ಎರಡಾಗಿ ಸೀಳಿ, ಎರಡೂ ಬದಿ ಸುತ್ತಿ, ಪಿನ್ನಿನ ಹಿಂದೆ ಕೂಡುತ್ತದೆ. ಮುಕ್ಕಾಲು ತುಂಬಿದ ಪೀಸಿನಲ್ಲಿ ಈ ಎರಡು ನಾಲಿಗೆಗಳು ಇನ್ನೂ ಕೂಡದೆ ಎದುರುಬದುರು ನಿಂತಿರುತ್ತವೆ. ಅವು ಕೂಡುವ ಗೆರೆಯೇ ವೆಲ್ಡ್ ಲೈನ್. ಮುರಿದ ಪೀಸನ್ನು ಪಕ್ಕದಲ್ಲಿಟ್ಟು ನೋಡಿ. ಬಿರುಕು ಅದೇ ಗೆರೆ ಮೇಲೆ ಕೂತಿದ್ದರೆ ಕೇಸು ಮುಗಿಯಿತು.

ಆ ಗೆರೆ ಯಾಕೆ ಅಷ್ಟು ಬಡಕಲು? ಹರಿವಿನ ಮೂತಿಯಲ್ಲಿ ಪ್ಲಾಸ್ಟಿಕ್ ನಡುವಿನಿಂದ ಹೊರಟು ಬದಿಗೆ ಮಗುಚುತ್ತಾ ಗೋಡೆಗೆ ಹೋಗಿ ಅಂಟುತ್ತದೆ. ಮೂತಿ ಹರಡಿಕೊಳ್ಳುವ ಜಾಗ, ಎಳೆಗಳು ಮೂತಿಯ ಮೈಗೆ ಸಮಾನಾಂತರ ಮಲಗುತ್ತವೆ. ಅಂಥ ಎರಡು ಮೂತಿ ಎದುರಾಬದುರಾ ಬಂದು ಒತ್ತಿಕೊಂಡರೆ ಎರಡೂ ಕಡೆಯ ಎಳೆ ಗೆರೆಯ ಉದ್ದಕ್ಕೇ ಉಳಿಯುತ್ತದೆ. ಈ ಕಡೆಯಿಂದ ಆ ಕಡೆಗೆ ದಾಟುವ ಎಳೆ ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿ ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ ಬರೀ ನೈಲಾನ್, ಮೇಲೆ ಗ್ಲಾಸ್ ಕೊಟ್ಟ ಗಟ್ಟಿತನದಿಂದ ಬಂದ ಜಗ್ಗದ ಗುಣ. ಗ್ಲಾಸ್ ನೈಲಾನ್ ವೆಲ್ಡ್ ಲೈನಿನಲ್ಲಿ ಬಲ ಅರ್ಧದಷ್ಟಕ್ಕೆ ಇಳಿಯುವುದು ಮಾಮೂಲು. ಗ್ಲಾಸ್ 30ರಿಂದ 40 ಮಾಡಿದರೆ ಬೇರೆ ಕಡೆ ಬಲ ಏರುತ್ತದೆ, ಈ ಗೆರೆಯಲ್ಲಿ ಏರುವುದಿಲ್ಲ. ಸುಮ್ನೆ ದುಡ್ಡು ದಂಡ.

ಸೊಟ್ಟದ ಕಥೆ

ಎಳೆಯ ಉದ್ದಕ್ಕೆ ಪ್ಲಾಸ್ಟಿಕ್ ಕುಗ್ಗಲು ಗ್ಲಾಸ್ ಬಿಡುವುದಿಲ್ಲ. ಅಡ್ಡಕ್ಕೆ ಅಷ್ಟು ತಡೆ ಇಲ್ಲ. 30 ಪರ್ಸೆಂಟ್ ಗ್ಲಾಸ್ ನೈಲಾನ್‌ನಲ್ಲಿ ಹರಿವಿನ ಉದ್ದಕ್ಕೆ ಕುಗ್ಗುವಿಕೆ ಸುಮಾರು 0.3ರಿಂದ 0.5 ಪರ್ಸೆಂಟ್, ಅಡ್ಡಕ್ಕೆ ಅದರ ಎರಡು ಪಟ್ಟಿನ ಆಸುಪಾಸು. 100 ಮಿಲಿಮೀಟರ್‌ಗೆ ಅರ್ಧ ಮಿಲಿಮೀಟರ್‌ವರೆಗೂ ವ್ಯತ್ಯಾಸ ಬಂತು, ಅಲ್ವಾ? ಎಲ್ಲ ಕಡೆ ಒಂದೇ ದಿಕ್ಕು ಇದ್ದಿದ್ದರೆ ಪೀಸು ಚಿಕ್ಕದಾಗುತ್ತಿತ್ತು ಅಷ್ಟೇ. ದಿಕ್ಕು ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಜಗಳ ಶುರುವಾಗುತ್ತದೆ, ಪೀಸು ಬಾಗುತ್ತದೆ.

ನಡುವೆ ಗೇಟ್ ಇರುವ ದುಂಡು ಮುಚ್ಚಳ ಇದ್ದರೆ ಬಾಗಿದ ಆಕಾರವೇ ಎಳೆಯ ದಿಕ್ಕನ್ನು ಬಾಯಿಬಿಟ್ಟು ಹೇಳುತ್ತದೆ. ಮುಚ್ಚಳ ಬಟ್ಟಲಿನ ಹಾಗೆ ಗುಬುಟಾಗಿದ್ದರೆ ಸುತ್ತಳತೆ ಜಾಸ್ತಿ ಕುಗ್ಗಿದೆ, ಅಂದರೆ ಹೆಚ್ಚಿನ ಎಳೆ ನಡುವಿನಿಂದ ಅಂಚಿಗೆ, ಸೈಕಲ್ ಚಕ್ರದ ಸ್ಪೋಕಿನ ದಿಕ್ಕಿಗೆ ಮಲಗಿದೆ. ಮುಚ್ಚಳ ಕುದುರೆ ಜೀನಿನ ಹಾಗೆ ಎರಡು ಕಡೆ ಮೇಲೆ, ಎರಡು ಕಡೆ ಕೆಳಗೆ ಆಗಿದ್ದರೆ ಸುತ್ತಳತೆ ಉಳಿದು ಅರೆವ್ಯಾಸ ಕುಗ್ಗಿದೆ, ಅಂದರೆ ಎಳೆ ಸುತ್ತಲೂ ಬಳೆಯ ದಿಕ್ಕಿಗೆ ಮಲಗಿದೆ. ದಪ್ಪ ಮುಚ್ಚಳ, ದೊಡ್ಡ ತಿರುಳು ಇದ್ದರೆ ಎರಡನೆಯದು ಕಾಣುವ ಸಾಧ್ಯತೆ ಜಾಸ್ತಿ.

ಆದರೆ ಸೊಟ್ಟಕ್ಕೆ ಕೂಲಿಂಗ್ ಕೂಡ ಕಾರಣ ಇರಬಹುದು. ಎರಡನ್ನೂ ಬೇರ್ಪಡಿಸುವ ದಾರಿ ಸುಲಭ. ಡೈನ ಎರಡು ಅರ್ಧಗಳ ಬಿಸಿಯನ್ನು ಬೇಕಂತಲೇ ಅದಲುಬದಲು ಮಾಡಿ. ಇವತ್ತು ಫಿಕ್ಸ್ ಕಡೆ 15 ಡಿಗ್ರಿ ಜಾಸ್ತಿ, ಆಮೇಲೆ ಮೂವಿಂಗ್ ಕಡೆ 15 ಡಿಗ್ರಿ ಜಾಸ್ತಿ. ಬಿಸಿ ಇದ್ದ ಕಡೆಗೆ ಪೀಸು ಬಾಗುತ್ತದೆ. ಅದಲುಬದಲು ಮಾಡಿದಾಗ ಬಾಗೂ ತಿರುಗಿದರೆ ಕೂಲಿಂಗ್ ಲೈನ್ ನೋಡಿ, ಸುಣ್ಣ ಕಟ್ಟಿದೆಯಾ ಅಂತ. ನಮ್ಮ ಕಡೆ ಬೋರ್ ನೀರಿಗೆ ಅದು ಸಾಮಾನ್ಯ. ಬಾಗು ಜಪ್ಪಯ್ಯ ಎಂದರೂ ತಿರುಗದಿದ್ದರೆ ಎಳೆಯೇ ಕಾರಣ. ಇನ್ನೂ ಖಾತ್ರಿ ಬೇಕೆಂದರೆ ಅದೇ ಡೈಯಲ್ಲಿ ಗ್ಲಾಸ್ ಇಲ್ಲದ ನೈಲಾನ್ ಹೊಡೆದು ನೋಡಿ. ಅಳತೆ ಚಿಕ್ಕದಾಗುತ್ತದೆ, ಪರವಾಗಿಲ್ಲ. ಅದು ಸಪಾಟಾಗಿ ಬಂದರೆ ಬೇರೆ ಸಾಕ್ಷಿ ಬೇಡ.

ಬಿಸಿ ಪೀಸನ್ನು ಜಿಗ್‌ನಲ್ಲಿ ಒತ್ತಿ ಆರಿಸುವ ಅಭ್ಯಾಸ ಹಲವು ಕಡೆ ಇದೆ. ತುರ್ತಿಗೆ ಸರಿ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಲಗೇಜ್ ಆಟೋದಲ್ಲಿ ಮಧ್ಯಾಹ್ನ ನಿಂತ ಮಾಲು ಗಿರಾಕಿ ಹತ್ತಿರ ಹೋಗುವಷ್ಟರಲ್ಲಿ ಒಂದಿಷ್ಟು ಹಳೇ ಚಾಳಿಗೆ ತಿರುಗಿರುತ್ತದೆ.

ರಿಪೇರಿ

ಹೀಟರ್ ಮತ್ತು ಸ್ಪೀಡ್ ಬಟನ್ನಿಂದ ಶುರು ಮಾಡೋಣ, ಹೇಗೂ ಎಲ್ಲರೂ ಅಲ್ಲೇ ಕೈ ಇಡುವುದು. ಪ್ಲಾಸ್ಟಿಕ್ ಬಿಸಿ, ಡೈ ಬಿಸಿ, ತುಂಬುವ ವೇಗ ಏರಿಸಿದರೆ ವೆಲ್ಡ್ ಲೈನ್ ಕಣ್ಣಿಗೆ ಮಾಸುತ್ತದೆ, ನೈಲಾನ್ ನೈಲಾನ್‌ಗೆ ಸ್ವಲ್ಪ ಚೆನ್ನಾಗಿ ಬೆಸೆಯುತ್ತದೆ. ಎಳೆ ಮಾತ್ರ ತಿರುಗುವುದಿಲ್ಲ. ಗೆರೆ ಕಾಣದಂತಾಯಿತು, ದೋಷ ಹೋಯಿತು ಎಂದು ಮಾಲು ಕಳಿಸಿದರೆ ವಾಪಸ್ ಬರುತ್ತದೆ. ಗೆರೆ ಸೇರುವ ಜಾಗದಲ್ಲಿ ಗಾಳಿ ಹೋಗಲು ವೆಂಟ್ ಇದೆಯಾ, ಗೀಜು ಕಟ್ಟಿದೆಯಾ ನೋಡಿಕೊಳ್ಳಿ. ಅಷ್ಟು ಮಾಡಿ ಮುಂದೆ ಹೋಗಿ.

ಕ್ಲ್ಯಾಂಪಿನ ಕಿವಿಗೆ ಅತಿ ಅಗ್ಗದ ರಿಪೇರಿ ಪಿನ್ನನ್ನೇ ತೆಗೆಯುವುದು. ಕಿವಿಯನ್ನು ತೂತಿಲ್ಲದೆ ತುಂಬಿಸಿ, ಆಮೇಲೆ ಡ್ರಿಲ್ ಹಾಕಿ. ಪಿನ್ ಇಲ್ಲದಿದ್ದರೆ ಹರಿವು ಸೀಳುವುದಿಲ್ಲ, ಸೀಳದಿದ್ದರೆ ವೆಲ್ಡ್ ಲೈನೂ ಇಲ್ಲ. ಡ್ರಿಲ್ ಕೆಲವು ಎಳೆಗಳನ್ನು ಕತ್ತರಿಸುತ್ತದೆ, ಆದರೆ ತೂತಿನ ಎರಡೂ ಬದಿ ಎಳೆ ಉದ್ದಕ್ಕೆ ಉಳಿಯುತ್ತದೆ. ಒಂದು ಪೀಸಿಗೆ ಒಂದು ಕೈ ಕೆಲಸ ಜಾಸ್ತಿ, ಗ್ಲಾಸ್‌ಗೆ ಡ್ರಿಲ್ ಬಿಟ್ಟೂ ಬೇಗ ಸವೆಯುತ್ತದೆ. ಪುಡಿ ಉಸಿರಿಗೆ ಹೋಗಬಾರದು, ಮಾಸ್ಕ್ ಹಾಕಿಸಿ. ಆರ್ಡರ್ ಸಣ್ಣದಿದ್ದರೆ ನನ್ನ ಓಟು ಇದಕ್ಕೇ. ಇದರಲ್ಲೇ ಇನ್ನೊಂದು ನಮೂನೆ ಇದೆ. ಪಿನ್ನನ್ನು ಗಿಡ್ಡ ಮಾಡಿ, ತೂತಿನ ತಳದಲ್ಲಿ ಪ್ಲಾಸ್ಟಿಕ್ ಹರಿದು ಹೋಗುವಷ್ಟು ಪದರ ಬಿಟ್ಟರೆ ಡ್ರಿಲ್ಲಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಗೆರೆ ಪೂರ್ತಿ ಹೋಗುವುದಿಲ್ಲ, ಹಗುರವಾಗುತ್ತದೆ.

ಆರ್ಡರ್ ದೊಡ್ಡದಿದ್ದರೆ ಡೈ ಮೇಲೆ ಖರ್ಚು ಮಾಡಬೇಕು. ವೆಲ್ಡ್ ಲೈನ್ ಬೀಳುವ ಜಾಗದ ಆಚೆ ಒಂದು ಓವರ್‌ಫ್ಲೋ ಗುಂಡಿ ಕೊರೆಸಿ, ಗೆರೆ ಕೂಡಿದ ಮೇಲೂ ಒಂದಿಷ್ಟು ಪ್ಲಾಸ್ಟಿಕ್ ಗೆರೆಯನ್ನು ದಾಟಿ ಆ ಗುಂಡಿಗೆ ಹರಿಯುವ ಹಾಗೆ. ಹಾಗೆ ಹರಿದಾಗ ಗೆರೆ ಬಾಗುತ್ತದೆ, ಎಳೆ ತಿರುಗುತ್ತದೆ. ಗುಂಡಿ ಗೆರೆಯ ನೇರಕ್ಕೇ ಇದ್ದರೆ ಎರಡೂ ಬದಿ ಸಮ ಹರಿದು ಲಾಭ ಕಡಿಮೆ. ಒಂದು ಬದಿಗೆ ಸರಿಸಿ ಕೊರೆಸಿದರೆ ಹರಿವು ಗೆರೆಗೆ ಅಡ್ಡ ನುಗ್ಗುತ್ತದೆ. ಟೂಲ್ ರೂಮಿನವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಚಂದ ಕಾಣಲಿ ಅಂತ ನಡುವಿಗೇ ಕೊರೆದು ಬಿಡುತ್ತಾರೆ.

ಗೇಟ್ ಸರಿಸುವುದು ಕೊನೆಯ, ಗಟ್ಟಿ ಮದ್ದು. ತೂತು ಇರುವ ತನಕ ಗೆರೆ ಎಲ್ಲಾದರೂ ಬೀಳುತ್ತದೆ. ಅದು ಬೋಲ್ಟಿನ ಎಳೆತ ಬರದ ಕಡೆ ಬೀಳುವ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಬೋಲ್ಟ್ ಬಿಗಿ ಮಾಡಿದಾಗ ಕಿವಿ ಎಲ್ಲಿ ಜಗ್ಗುತ್ತದೆ ಎಂದು ಪೀಸಿನ ಮೇಲೆ ಪೆನ್ನಿನಿಂದ ಗುರುತು ಮಾಡಿ. ಅರೆ ತುಂಬಿದ ಪೀಸ್ ನೋಡಿ ಗೆರೆಯನ್ನೂ ಗುರುತು ಮಾಡಿ. ಎರಡು ಗುರುತು ಒಂದೇ ಕಡೆ ಬಂದರೆ ಗೇಟ್ ತಪ್ಪು ಜಾಗದಲ್ಲಿದೆ. ಉದ್ದ ಪಟ್ಟಿಯಂಥ ಪೀಸಿಗೆ ನಡುವೆ ಗೇಟ್ ಕೊಡುವುದಕ್ಕಿಂತ ಒಂದು ತುದಿಯಲ್ಲಿ ಕೊಟ್ಟರೆ ಎಳೆ ಉದ್ದಕ್ಕೂ ಒಂದೇ ದಿಕ್ಕು ಹಿಡಿಯುತ್ತದೆ. ಬಲಕ್ಕೂ ಒಳ್ಳೆಯದು, ಸೊಟ್ಟಕ್ಕೂ ಒಳ್ಳೆಯದು. ತುಂಬಲು ಪ್ರೆಷರ್ ಜಾಸ್ತಿ ಬೇಕಾಗುತ್ತದೆ, ಮಷೀನ್ ತಡೆಯುತ್ತದಾ ಮೊದಲೇ ನೋಡಿ.

ಸಪಾಟಾಗಿಯೇ ಇರಬೇಕಾದ ಪ್ಲೇಟು, ಬಲ ಅಷ್ಟು ಬೇಡ ಅಂತಿದ್ದರೆ ಮೆಟೀರಿಯಲ್ ಬದಲಿಸಬಹುದು. ಗ್ಲಾಸ್ ಎಳೆಯ ಜೊತೆ ಗ್ಲಾಸ್ ಗುಂಡು ಅಥವಾ ಮಿನರಲ್ ಬೆರೆಸಿದ ಗ್ರೇಡುಗಳು ಸಿಗುತ್ತವೆ. ಗ್ಲಾಸ್ ಗುಂಡು ದುಂಡಗಿರುವುದರಿಂದ ಅದಕ್ಕೆ ದಿಕ್ಕೇ ಇಲ್ಲ, ಹಾಗಾಗಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ರೀತಿ ಕುಗ್ಗುತ್ತದೆ.

ರಿಪೇರಿ ಆದ ಮೇಲೆ ಪರೀಕ್ಷೆ ಮಾಡುವಾಗ ಪ್ಲೇಟಿನಿಂದ ಎರಡು ಪಟ್ಟಿ ಕೊಯ್ಯಿಸಿ, ಒಂದು ಹರಿವಿನ ಉದ್ದಕ್ಕೆ, ಒಂದು ಅಡ್ಡಕ್ಕೆ. ಕಾಲೇಜಿನ ಟೆಸ್ಟಿಂಗ್ ಮಷೀನಿನಲ್ಲಿ ಎರಡನ್ನೂ ಎಳೆಸಿ. ಮೆಟೀರಿಯಲ್ ಕಂಪನಿ ಕೊಡುವ ಹಾಳೆಯಲ್ಲಿರುವ ಬಲದ ಅಂಕಿ ಒಂದು ತುದಿಯಿಂದ ತುಂಬಿಸಿದ ಟೆಸ್ಟ್ ಪಟ್ಟಿಯದು. ಅಂದರೆ ಎಳೆ ಬಹುಪಾಲು ಉದ್ದಕ್ಕೆ ಮಲಗಿದಾಗಿನ ಅಂಕಿ. ನಿಮ್ಮ ಪೀಸಿನ ಅಡ್ಡ ದಿಕ್ಕಿಗೆ ಅದು ಸಿಗುವುದಿಲ್ಲ, ವೆಲ್ಡ್ ಲೈನಿನಲ್ಲಂತೂ ಹತ್ತಿರಕ್ಕೂ ಬರುವುದಿಲ್ಲ. ಗಿರಾಕಿಯ ಡ್ರಾಯಿಂಗಿನಲ್ಲಿ ಆ ಹಾಳೆಯ ಅಂಕಿಯನ್ನೇ ಹಾಗೆ ಎತ್ತಿ ಬರೆದಿದ್ದರೆ ಡೈ ಮಾಡಿಸುವ ಮೊದಲೇ ಫೋನ್ ಮಾಡಿ, "ಸಾರ್, ಇದು ಯಾವ ದಿಕ್ಕಿಗೆ ಬೇಕು?" ಅಂತ ಕೇಳಿ, ಉತ್ತರವನ್ನು ಡ್ರಾಯಿಂಗಿನ ಮೇಲೆಯೇ ಬಾಣದ ಗುರುತು ಹಾಕಿಸಿ ಸಹಿ ತಗೊಳ್ಳಿ.